ಕೊಡಗಿನ ಪ್ರಾಥಮಿಕ ಶಾಲೆಯಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನ: ಮುರಿದ ಕೊಡೆಯಿಂದ ಕಾಫಿ ಕುಯ್ಲಿನ ಚೀಲದವರೆಗೆ

ತರಗತಿಯ ಇಪ್ಪತ್ತು ಮಕ್ಕಳೂ ಒಂದೇ ಅಳತೆಯ, ಒಂದೇ ಬಣ್ಣದ ಕಾಗದದ ಹೂ ಮಾಡಿದರೆ ಕೈಗೆ ಒಳ್ಳೆಯ ಅಭ್ಯಾಸವಾಗುತ್ತದೆ. ಆದರೆ ಆ ಹೂ ಯಾರಿಗೆ ಬೇಕಿತ್ತು, ಅದು ಯಾವ ಕೆಲಸಕ್ಕೆ, ಹೀಗಲ್ಲದೆ ಬೇರೆ ಹೇಗೆ ಮಾಡಬಹುದಿತ್ತು ಎಂದು ಯಾರೂ ಕೇಳಿರುವುದಿಲ್ಲ. ಈ ಪ್ರಶ್ನೆಗಳನ್ನು ಕೇಳಲು ಶುರುಮಾಡಿದ ಗಳಿಗೆಯಿಂದ ಆ ಪಾಠ ವಿನ್ಯಾಸ ಮತ್ತು ತಂತ್ರಜ್ಞಾನದ ಪಾಠವಾಗುತ್ತದೆ. ಒಬ್ಬರ ನಿಜವಾದ ಅಗತ್ಯವನ್ನು ಗುರುತಿಸಿ, ಚಿತ್ರ ಬರೆದು ಯೋಚಿಸಿ, ಕೈಯಾರೆ ಮಾಡಿ, ಪರೀಕ್ಷಿಸಿ, ಸೋತ ಜಾಗವನ್ನು ಸರಿಪಡಿಸಿ ಮತ್ತೆ ಮಾಡುವುದು ಈ ವಿಷಯದ ತಿರುಳು. ತಂತ್ರಜ್ಞಾನ ಎಂದ ಕೂಡಲೇ ಕಂಪ್ಯೂಟರ್ ಕೊಠಡಿ ಬೇಕು ಎಂದುಕೊಳ್ಳಬೇಡಿ. ಮೊರ, ಜರಡಿ, ಬಾವಿಯ ರಾಟೆ, ಗೇಟಿನ ಚಿಲಕ ಎಲ್ಲವೂ ತಂತ್ರಜ್ಞಾನವೇ.

ಇಂಗ್ಲೆಂಡಿನಲ್ಲಿ 1990ರಿಂದ ಇದು ಪ್ರಾಥಮಿಕ ಹಂತದಲ್ಲೇ ಕಡ್ಡಾಯ ವಿಷಯ. ನಮ್ಮಲ್ಲಿ ಇದೇ ಹೆಸರಿನ ಪಠ್ಯಪುಸ್ತಕ ಇಲ್ಲ, ಆದರೆ ವಿಚಾರ ಹೊಸದಲ್ಲ. ಕೈಕೆಲಸದ ಮೂಲಕವೇ ಕಲಿಕೆ ನಡೆಯಬೇಕು ಎಂದು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ನಯೀ ತಾಲೀಮನ್ನು ಮುಂದಿಟ್ಟರು. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಚೀಲ, ಗಾಳಿಯಂತ್ರದ ಮಾದರಿ, ಬೊಂಬೆ ಇಂಥ ಘಟಕಗಳನ್ನು ಸಿದ್ಧಪಡಿಸಿ ನಗರದ ಶಾಲೆಗಳಲ್ಲೂ ಹಳ್ಳಿಯ ಶಾಲೆಯಲ್ಲೂ ಮಕ್ಕಳೊಂದಿಗೆ ಮಾಡಿ ನೋಡಿದ್ದಾರೆ. ನಮ್ಮ ಜಿಲ್ಲೆಯ ಶಾಲೆಗೆ ಇದನ್ನು ತರುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ಇಬ್ಬರು ಶಿಕ್ಷಕರು, ಐದು ತರಗತಿ, ಜೂನ್ ಬಂತೆಂದರೆ ನಿಲ್ಲದ ಮಳೆ, ಅಂಥ ಶಾಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದಿದ್ದೇನೆ.

ಸಮಯ ಎಲ್ಲಿಂದ ತರುವುದು

ಹೊಸ ಪೀರಿಯಡ್ ಹುಡುಕಬೇಕಾಗಿಲ್ಲ. ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಮಕ್ಕಳು ಹೇಗೂ ಗುಂಪಿನಲ್ಲಿ ಕೂತು ಚಟುವಟಿಕೆಯಿಂದಲೇ ಕಲಿಯುತ್ತಾರೆ. ಮೇಲಿನ ತರಗತಿಯವರಿಗೆ ಪರಿಸರ ಅಧ್ಯಯನದ ಮಳೆ, ಮನೆ, ಸಾರಿಗೆ, ಆಹಾರದ ಪಾಠಗಳಿವೆ. ಗಣಿತದ ಉದ್ದ, ತೂಕ, ಗಾತ್ರದ ಪಾಠಗಳಿಗೆ ಅಳೆಯಲು ಒಂದು ನಿಜವಾದ ವಸ್ತು ಬೇಕಾಗಿರುತ್ತದೆ. ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ವಂತೂ ಇದಕ್ಕೆ ಹೇಳಿ ಮಾಡಿಸಿದ ದಿನ. ಒಂದು ಸಲಕ್ಕೆ ಎರಡು ಪೀರಿಯಡ್ ಒಟ್ಟಿಗೆ ಬೇಕು. ನಲವತ್ತು ನಿಮಿಷದಲ್ಲಿ ಸಾಮಾನು ಹರಡಿ ತೆಗೆದಿಡುವುದೇ ಆಗುತ್ತದೆ, ಯೋಚನೆಗೆ ಜಾಗ ಉಳಿಯುವುದಿಲ್ಲ.

ಒಂದು ಮಾತು ಖಡಾಖಂಡಿತ. ಈ ಕೆಲಸವನ್ನು ಮನೆಗೆ ಕಳಿಸಬೇಡಿ. ಮನೆಗೆ ಹೋದ ಪ್ರಾಜೆಕ್ಟ್ ಅಪ್ಪ ಅಮ್ಮನ ಪ್ರಾಜೆಕ್ಟ್ ಆಗಿ, ಥರ್ಮಾಕೋಲ್ ಮತ್ತು ಮಿನುಗು ಕಾಗದ ಹೊತ್ತು ವಾಪಸ್ ಬರುತ್ತದೆ. ಸಂಜೆ ಆರರವರೆಗೆ ತೋಟದಲ್ಲಿರುವ ತಾಯಿಯ ಮಗುವಿಗೆ ಆ ಸಹಾಯವೂ ಇರುವುದಿಲ್ಲ. ಚಿತ್ರ, ಕತ್ತರಿಸುವುದು, ಅಂಟಿಸುವುದು, ಸೋಲುವುದು ಎಲ್ಲವೂ ಶಾಲೆಯೊಳಗೇ ಆಗಲಿ.

ಮೂರು ಹಂತದ ಕ್ರಮ

ಯಾವ ಯೋಜನೆಯನ್ನೇ ಎತ್ತಿಕೊಂಡರೂ ಮೂರು ಹಂತ ಇಟ್ಟುಕೊಳ್ಳಿ. ಮೊದಲು ಈಗಾಗಲೇ ಇರುವ ವಸ್ತುವನ್ನು ಬಿಚ್ಚಿ ನೋಡುವುದು. ಆಮೇಲೆ ಬೇಕಾದ ಒಂದೆರಡು ಕೌಶಲಗಳನ್ನು ಚೂರುಪಾರು ಸಾಮಾನಿನ ಮೇಲೆ ಅಭ್ಯಾಸ ಮಾಡುವುದು. ಕೊನೆಗೆ ತಮ್ಮದೇ ವಿನ್ಯಾಸ ಮಾಡಿ ಕಟ್ಟುವುದು. ನಡುವಿನ ಹಂತವನ್ನು ಹಾರಿಸಿದರೆ ಮಗುವಿನ ತಲೆಯಲ್ಲಿ ಒಳ್ಳೆಯ ಯೋಚನೆ ಇದ್ದರೂ ಕೈ ಸೋಲುತ್ತದೆ. ಮೊದಲ ಹಂತ ಹಾರಿಸಿದರೆ ಯೋಚನೆಯೇ ಬಡವಾಗುತ್ತದೆ.

ಬಿಚ್ಚಿ ನೋಡಲು ನಮ್ಮೂರಿನಲ್ಲಿ ಮುರಿದ ಕೊಡೆಗಿಂತ ಒಳ್ಳೆಯ ವಸ್ತು ಇಲ್ಲ. ಜುಲೈ ಮುಗಿಯುವ ಹೊತ್ತಿಗೆ ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ಕಡ್ಡಿಗಳ ಚೂಪು ತುದಿಗೆ ಮೊದಲೇ ಟೇಪ್ ಸುತ್ತಿ, ಮೂವರಿಗೆ ಒಂದರಂತೆ ಕೊಡಿ. ಹೆಸರು ಹೇಳಿಕೊಡುವ ಅವಸರ ಬೇಡ. ನಿಧಾನವಾಗಿ ಬಿಡಿಸಲು ಹೇಳಿ, ಕೋಲಿನ ಮೇಲೆ ಯಾವುದು ಜಾರುತ್ತದೆ, ಅದು ಜಾರಿದಾಗ ಯಾವುದು ಹೊರಕ್ಕೆ ಚಾಚುತ್ತದೆ, ಎಲ್ಲೆಲ್ಲಿ ಕೀಲು ಇದೆ ಎಂದು ಎಣಿಸಲು ಹೇಳಿ. ಕೈ ಮೇಲಕ್ಕೆ ತಳ್ಳಿದರೆ ಬಟ್ಟೆ ಅಗಲವಾಗುತ್ತದೆ. ಒಂದು ದಿಕ್ಕಿನ ಚಲನೆ ಇನ್ನೊಂದು ದಿಕ್ಕಿಗೆ ತಿರುಗುವ ಈ ಸಂಗತಿ ಮಗುವಿಗೆ ಕೈಯಲ್ಲೇ ತಿಳಿಯಬೇಕು. ಆಮೇಲೆ ಚಿತ್ರ: ಮಡಚಿದ ಕೊಡೆ, ಬಿಚ್ಚಿದ ಕೊಡೆ, ಒಂದು ಕೀಲು ದೊಡ್ಡದಾಗಿ. ಯಾವ ಭಾಗ ಮೊದಲು ಮುರಿದಿದೆ ಎಂದು ಎಲ್ಲ ಗುಂಪುಗಳೂ ಹೇಳಲಿ. ಹಲವು ಕೊಡೆಗಳು ಒಂದೇ ಜಾಗದಲ್ಲಿ ಮುರಿದಿದ್ದರೆ ಅಲ್ಲಿಂದ ಚರ್ಚೆ ತಾನಾಗಿಯೇ ಶುರುವಾಗುತ್ತದೆ.

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹೊತ್ತಿಗೆ ಇಂಥದ್ದೇ ಇನ್ನೊಂದು ಪಾಠ ಮಾಡಬಹುದು. ನಾಟಿ ಮುಗಿದು ಮನೆಮನೆಯಲ್ಲೂ ಆಯುಧ, ಸಲಕರಣೆ ತೊಳೆದು ಪೂಜೆಗಿಡುವ ಹಬ್ಬ. ಆ ವಾರ ಮಕ್ಕಳು ತಮ್ಮ ಮನೆಯ ಒಂದು ಸಲಕರಣೆಯನ್ನು ನೋಡಿಕೊಂಡು ಬಂದು ಶಾಲೆಯಲ್ಲಿ ಅದರ ಚಿತ್ರ ಬರೆಯಲಿ. ಹಿಡಿ ಎಷ್ಟು ಉದ್ದ, ಯಾಕೆ ಅಷ್ಟೇ ಉದ್ದ, ಬಾಯಿ ಯಾವ ಕಡೆ ಬಾಗಿದೆ, ಅದನ್ನು ಬಳಸುವವರು ಅದರ ಬಗ್ಗೆ ಏನು ದೂರುತ್ತಾರೆ, ಇಷ್ಟನ್ನು ಕೇಳಿಕೊಂಡು ಬಂದರೆ ಸಾಕು. ವಸ್ತು ಶಾಲೆಗೆ ಬರುವುದು ಬೇಡ, ಚಿತ್ರ ಸಾಕು.

ಸಾಮಾನು: ಮಳೆಗಾಲಕ್ಕೊಂದು, ಬೇಸಿಗೆಗೊಂದು

ಬಯಲುಸೀಮೆಯ ಶಿಕ್ಷಕರಿಗೆ ಈ ತಲೆನೋವು ಇಲ್ಲ. ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟು ಮೆತ್ತಗಾಗುತ್ತದೆ, ಗಮ್ ಒಣಗುವುದಿಲ್ಲ, ಮೈದಾ ಅಂಟು ಹಾಕಿದ್ದೆಲ್ಲ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ವರ್ಷದ ಯೋಜನೆಯನ್ನೇ ಹವಾಮಾನಕ್ಕೆ ಹೊಂದಿಸಿಕೊಳ್ಳಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಬಾಟಲಿ, ಅಕ್ಕಿ ಚೀಲ, ಹಗ್ಗ, ಬಟ್ಟೆ, ನೆನೆಸಿದ ಅಡಿಕೆ ಹಾಳೆ, ಬಿದಿರು. ಅಂಟಿನ ಬದಲು ಕಟ್ಟುವುದು, ಹೆಣೆಯುವುದು, ಹೊಲಿಯುವುದು. ನವೆಂಬರ್‌ನಿಂದ ಮಾರ್ಚ್‌ವರೆಗೆ ರಟ್ಟು, ಕಾಗದ, ಅಂಟಿನ ಕೆಲಸ.

ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿದರೆ ಬೇಕಾದಂತೆ ಬಾಗುತ್ತದೆ, ಬಾಗಿಸಿ ಭಾರ ಇಟ್ಟು ಒಣಗಿಸಿದರೆ ಅದೇ ಆಕಾರ ಹಿಡಿದು ನಿಲ್ಲುತ್ತದೆ. ಒಣಗಿದ ಹಾಳೆಯನ್ನು ಬಗ್ಗಿಸಿದರೆ ಸೀಳುತ್ತದೆ. ಒಂದೇ ವಸ್ತು ಒದ್ದೆಯಿದ್ದಾಗ ಒಂದು ಗುಣ, ಒಣಗಿದಾಗ ಇನ್ನೊಂದು ಗುಣ ತೋರುವುದನ್ನು ಮಕ್ಕಳು ಮೊದಲೇ ಮಾಡಿ ನೋಡಲಿ. ಬಿದಿರಿನ ಕಡ್ಡಿಯ ಸಿಬಿರು ಕೈಗೆ ಚುಚ್ಚುತ್ತದೆ, ಮರಳು ಕಾಗದದಲ್ಲಿ ಉಜ್ಜದೆ ಮಕ್ಕಳ ಕೈಗೆ ಕೊಡಬೇಡಿ. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈ 1ರಿಂದ ನಿಷೇಧವಾಗಿದೆ, ಅದರ ಜಾಗಕ್ಕೆ ಖಾಲಿಯಾದ ಬಾಲ್‌ಪೆನ್ನಿನ ಕೊಳವೆ ಚೆನ್ನಾಗಿ ಒದಗುತ್ತದೆ. ಜನವರಿಯಿಂದಲೇ ಒಂದು ಡಬ್ಬಿ ಇಟ್ಟು ಪೆನ್ನು, ಬಾಟಲಿ ಮುಚ್ಚಳ, ಗುಂಡಿ, ದಾರದ ಉಂಡೆ ಸೇರಿಸುತ್ತಾ ಹೋಗಿ.

ಕತ್ತರಿ ಮೊಂಡು ತುದಿಯದ್ದಿರಲಿ, ಮೂವರಿಗೆ ಒಂದಾದರೂ ಇರಲಿ. ಚಾಕು, ಕತ್ತಿ, ಬಿಸಿ ಅಂಟಿನ ಗನ್ನು ಶಿಕ್ಷಕರ ಕೈಯಲ್ಲಿ ಮಾತ್ರ. ಮನೆಯಲ್ಲಿ ಕತ್ತಿ ಹಿಡಿದು ಅಭ್ಯಾಸವಿರುವ ಮಕ್ಕಳು ನಮ್ಮಲ್ಲಿದ್ದಾರೆ, ‘ನಂಗೆ ಬರ್ತದೆ ಟೀಚರೇ’ ಎನ್ನುತ್ತಾರೆ. ಬಂದರೂ ಶಾಲೆಯಲ್ಲಿ ಬೇಡ. ಕೆಲಸ ಶುರುವಾಗುವ ಮುಂಚೆ ಸಲಕರಣೆ ಎಣಿಸಿ ಕೊಡುವುದು, ಮುಗಿದ ಮೇಲೆ ಎಣಿಸಿ ತೆಗೆದುಕೊಳ್ಳುವುದು ಒಬ್ಬ ಮಗುವಿನ ಜವಾಬ್ದಾರಿಯಾಗಲಿ, ವಾರವಾರ ಬದಲಾಗಲಿ. ಕತ್ತರಿ ಹುಡುಗರ ಪಾಲು, ಬಣ್ಣ ಹಚ್ಚುವುದು ಹುಡುಗಿಯರ ಪಾಲು ಎಂಬ ಹಂಚಿಕೆ ಗೊತ್ತಾಗದ ಹಾಗೆ ಆಗಿಬಿಡುತ್ತದೆ, ಕಣ್ಣಿಟ್ಟು ತಪ್ಪಿಸಿ. ಸೂಜಿ ಎಲ್ಲರ ಕೈಗೂ ಬರಲಿ, ಅಳತೆಪಟ್ಟಿಯೂ ಎಲ್ಲರ ಕೈಗೂ ಬರಲಿ.

ಒಂದರಿಂದ ಮೂರನೇ ತರಗತಿ: ಅಲ್ಲಾಡುವ ಚಿತ್ರ, ಕಾಗದದ ಸೇತುವೆ

ಚಿಕ್ಕವರಿಗೆ ಸನ್ನೆಕೋಲಿನಿಂದ ಅಲ್ಲಾಡುವ ಚಿತ್ರ ಒಳ್ಳೆಯ ಆರಂಭ. ಆನೆ ಸೊಂಡಿಲು ಎತ್ತಬೇಕು ಎನ್ನಿ, ಉತ್ಸಾಹಕ್ಕೆ ಬೇರೇನೂ ಬೇಡ. ರಟ್ಟಿನ ಹಾಳೆಯ ಮೇಲೆ ಆನೆಯ ಮೈ, ಎರಡು ಸೆಂಟಿಮೀಟರ್ ಅಗಲದ ರಟ್ಟಿನ ಪಟ್ಟಿಯ ತುದಿಯಲ್ಲಿ ಸೊಂಡಿಲು. ಪಟ್ಟಿಯನ್ನು ಹಿಂದಿನ ಹಾಳೆಗೆ ಒಂದು ಜಾಗದಲ್ಲಿ ಕೀಲಿಸಬೇಕು. ಎರಡು ಕಾಲು ಬಿಚ್ಚಿಕೊಳ್ಳುವ ಹಿತ್ತಾಳೆ ಪಿನ್ ಸಿಗದಿದ್ದರೆ ದಪ್ಪ ದಾರ ತೂರಿಸಿ ಎರಡೂ ಕಡೆ ಗಂಟು ಹಾಕಿದರೂ ನಡೆಯುತ್ತದೆ. ಮಕ್ಕಳು ಕಂಡುಕೊಳ್ಳಬೇಕಾದದ್ದು ಇಷ್ಟು: ಕೀಲು ಕೈಯ ಹತ್ತಿರವಿದ್ದರೆ ಸೊಂಡಿಲು ದೂರದವರೆಗೆ ಬೀಸುತ್ತದೆ, ಕೀಲು ಸೊಂಡಿಲಿನ ಹತ್ತಿರವಿದ್ದರೆ ಸ್ವಲ್ಪವೇ ಅಲ್ಲಾಡುತ್ತದೆ. ಅದಕ್ಕಾಗಿ ಪಟ್ಟಿಯಲ್ಲಿ ಮೂರು ತೂತು ಮಾಡಿಸಿ, ಒಂದೊಂದರಲ್ಲೂ ಕೀಲು ಹಾಕಿ ನೋಡಲು ಬಿಡಿ. ಎರಡು ಪಟ್ಟಿಗಳನ್ನು ಸೇರಿಸಿದರೆ ಎರಡು ಬಗೆಯ ಕೀಲು ಬೇಕಾಗುತ್ತದೆ: ಹಾಳೆಗೆ ನೆಟ್ಟದ್ದು ಒಂದು, ಪಟ್ಟಿಗಳನ್ನಷ್ಟೇ ಹಿಡಿದು ತಾನೂ ಸರಿದಾಡುವುದು ಇನ್ನೊಂದು.

ಸೇತುವೆಯ ಪಾಠಕ್ಕೆ ಒಂದು ಎ4 ಹಾಳೆ ಮತ್ತು ಎರಡು ಸಮ ಎತ್ತರದ ಪುಸ್ತಕದ ಅಟ್ಟಿ ಸಾಕು. ಅಟ್ಟಿಗಳ ನಡುವೆ ಇಪ್ಪತ್ತು ಸೆಂಟಿಮೀಟರ್ ಅಂತರ. ಹಾಳೆಯನ್ನು ಹಾಗೇ ಇಟ್ಟು ನಾಣ್ಯ ಇಟ್ಟರೆ ಕುಸಿಯುತ್ತದೆ. ಅದೇ ಹಾಳೆಯನ್ನು ಒಂದೊಂದು ಸೆಂಟಿಮೀಟರಿಗೆ ಬೀಸಣಿಗೆಯಂತೆ ಮಡಿಸಿ, ಮಡಿಕೆಗಳು ಒಂದು ದಡದಿಂದ ಇನ್ನೊಂದು ದಡಕ್ಕೆ ಹಾಯುವಂತೆ ಇಟ್ಟರೆ ಎಷ್ಟೋ ಪಟ್ಟು ಹೆಚ್ಚು ಹೊರುತ್ತದೆ. ಮಡಿಕೆಗಳನ್ನು ಅಡ್ಡಕ್ಕೆ ತಿರುಗಿಸಿದರೆ ಮತ್ತೆ ಕುಸಿಯುತ್ತದೆ, ಇದನ್ನೂ ಮಾಡಿ ತೋರಿಸಲೇಬೇಕು. ಕಾರಣ ಸರಳ. ಭಾರ ಬಿದ್ದಾಗ ಹಾಳೆಯ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಮಡಿಸಿದಾಗ ಮೇಲಕ್ಕೂ ಕೆಳಕ್ಕೂ ನಡುವಿನ ಎತ್ತರ ಹೆಚ್ಚುವುದರಿಂದ ಬಾಗುವುದು ಕಷ್ಟವಾಗುತ್ತದೆ. ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಶೆಡ್ಡಿನ ಮಾಡಿಗೆ ಹೊದಿಸಿದ ಶೀಟನ್ನು ತೋರಿಸಿ. ಅದೇಕೆ ಅಲೆಅಲೆಯಾಗಿದೆ ಎಂದು ಮಕ್ಕಳೇ ಹೇಳುತ್ತಾರೆ.

ಮೂರನೇ ತರಗತಿಯವರು ತೂಗುಸೇತುವೆಗೆ ಹೋಗಬಹುದು. ಕುಶಾಲನಗರದ ಹತ್ತಿರ ಕಾವೇರಿ ನಿಸರ್ಗಧಾಮದ ತೂಗುಸೇತುವೆಯ ಮೇಲೆ ನಡೆದ ಮಗು ತರಗತಿಯಲ್ಲಿ ಒಂದಾದರೂ ಇರುತ್ತದೆ, ಅದರ ಅನುಭವದಿಂದ ಮಾತು ಶುರುಮಾಡಿ. ನಮ್ಮ ಗಡಿಯಾಚೆಯ ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಹೊಳೆ ದಾಟಲಾಗದ ಊರುಗಳಿಗೆ ತೂಗುಸೇತುವೆ ಕಟ್ಟಿಕೊಟ್ಟು 2017ರಲ್ಲಿ ಪದ್ಮಶ್ರೀ ಪಡೆದವರು. ಎಂಜಿನಿಯರ್ ಎಂದರೆ ಯಾರು ಎಂಬ ಪ್ರಶ್ನೆಗೆ ಮಕ್ಕಳಿಗೆ ಕೊಡಬಹುದಾದ ಹತ್ತಿರದ ಉತ್ತರ ಅವರು. ತರಗತಿಯಲ್ಲಿ ಎರಡು ಕುರ್ಚಿಗಳ ನಡುವೆ ಎರಡು ಹಗ್ಗ ಕಟ್ಟಿ ಕಡ್ಡಿಗಳನ್ನು ಹಾಸಿದರೆ ಸೇತುವೆ. ಭಾರ ಇಟ್ಟ ಕೂಡಲೇ ಕುರ್ಚಿಗಳು ಒಳಕ್ಕೆ ವಾಲುತ್ತವೆ. ಆಗ ನೀವು ಹಿಡಿಯಬೇಡಿ, ‘ಕುರ್ಚಿ ಬೀಳದ ಹಾಗೆ ಏನು ಮಾಡಬಹುದು?’ ಎಂದು ಕೇಳಿ ಕಾಯಿರಿ. ಹಗ್ಗವನ್ನು ಕುರ್ಚಿಯ ಮೇಲಿಂದ ಹಿಂದಕ್ಕೆ ಎಳೆದು ನೆಲದ ಭಾರಕ್ಕೆ ಕಟ್ಟಬೇಕೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜವಾದ ತೂಗುಸೇತುವೆಯ ಎರಡು ದಡದಲ್ಲೂ ನೆಲಕ್ಕೆ ಹೂತ ಭಾರ ಇರುವುದು ಈ ಕಾರಣಕ್ಕೇ.

ನಾಲ್ಕನೇ ತರಗತಿ: ಮಳೆಮಾಪಕ

ನಮ್ಮ ಜಿಲ್ಲೆಯಲ್ಲಿ ಮಳೆಮಾಪಕ ಆಟಿಕೆಯಲ್ಲ. ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಇಂಚು, ಸೆಂಟಿನ ಲೆಕ್ಕದಲ್ಲಿ ಮಳೆ ಬರೆದಿಡುವ ರೂಢಿಯಿದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಂತೋ ಇಲ್ಲವೋ ಎಂಬುದರ ಮೇಲೆ ಆ ವರ್ಷದ ಕಾಫಿಯ ಫಸಲು ನಿಂತಿರುತ್ತದೆ. ಹೀಗಾಗಿ ಅಗತ್ಯವನ್ನು ಮಕ್ಕಳಿಗೆ ವಿವರಿಸುವ ಶ್ರಮವೇ ಇಲ್ಲ.

ನೇರ ಮೈಯ ಒಂದು ಲೀಟರ್ ಬಾಟಲಿ ತೆಗೆದುಕೊಳ್ಳಿ. ನಡುವೆ ಸೊಂಟ ಇರುವ ಬಾಟಲಿ ಬೇಡ, ಯಾಕೆ ಬೇಡ ಎಂಬುದನ್ನು ಮಕ್ಕಳೇ ಹೇಳಲಿ. ಕುತ್ತಿಗೆ ಮುಗಿದು ಮೈ ನೇರವಾಗುವ ಜಾಗದ ಸ್ವಲ್ಪ ಕೆಳಗೆ ನೀವೇ ಕತ್ತರಿಸಿ, ಅಂಚಿಗೆ ಟೇಪ್ ಹಚ್ಚಿ. ಮೇಲಿನ ತುಂಡನ್ನು ತಲೆಕೆಳಗು ಮಾಡಿ ಆಲಿಕೆಯಾಗಿ ಇಟ್ಟರೆ ಬಿದ್ದ ನೀರು ಆವಿಯಾಗುವುದು ಕಡಿಮೆ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ಮೈ ನೇರವಾಗುವವರೆಗೆ ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಗುರುತು ಹಾಕಬೇಕು. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಬರೆದು ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿದರೆ ಶಾಯಿ ಕರಗುವುದಿಲ್ಲ. ಪ್ರತಿದಿನ ಓದಿ ಆದ ಮೇಲೆ ನೀರು ಚೆಲ್ಲಿ ಮತ್ತೆ ಸೊನ್ನೆಗೆ ತುಂಬಿಸಿಡಬೇಕು.

ಇಲ್ಲಿ ಒಂದು ಪ್ರಯೋಗವನ್ನು ದಯವಿಟ್ಟು ಬಿಡಬೇಡಿ. ದೊಡ್ಡ ಬಾಟಲಿಯಲ್ಲಿ ಹೆಚ್ಚು ಮಳೆ ತೋರಿಸುತ್ತದೆಯೋ, ಚಿಕ್ಕದರಲ್ಲೋ? ಮೊದಲು ಎಲ್ಲರೂ ತಮ್ಮ ಊಹೆ ಬರೆಯಲಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಲಿ. ದೊಡ್ಡ ಬಾಯಿಗೆ ಹೆಚ್ಚು ನೀರು ಬೀಳುತ್ತದೆ, ಆದರೆ ಅಗಲವೂ ಹೆಚ್ಚಿರುವುದರಿಂದ ಎತ್ತರ ಎರಡರಲ್ಲೂ ಒಂದೇ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಎಂಬ ಲೆಕ್ಕ ಇದರ ಬೆನ್ನಿಗೇ ಹೇಳಿದರೆ ಸಲೀಸಾಗಿ ಅರ್ಥವಾಗುತ್ತದೆ. ಶಾಲೆಯ ಮಾಡಿನ ಅಳತೆ ತೆಗೆದು, ನಿನ್ನೆ ಅದರ ಮೇಲೆ ಎಷ್ಟು ಲೀಟರ್ ಸುರಿಯಿತು ಎಂದು ಐದನೇ ತರಗತಿಯವರು ಗುಣಿಸಿ ನೋಡಲಿ.

ಎಲ್ಲಿ ಇಡಬೇಕು ಎಂಬುದೂ ವಿನ್ಯಾಸದ ಭಾಗವೇ. ಮರದಡಿ ಇಟ್ಟರೆ ತಪ್ಪು ಲೆಕ್ಕ, ಮಾಡಿನ ನೀರು ಸಿಡಿಯುವಲ್ಲಿ ಇಟ್ಟರೂ ತಪ್ಪು. ನೆಲದ ಮೇಲೇ ಇಟ್ಟರೆ ಕೆಸರು ಸಿಡಿಯುತ್ತದೆ, ಗಾಳಿಗೆ ಉರುಳುತ್ತದೆ. ಮೊದಲ ವಾರ ಮಕ್ಕಳು ಆರಿಸಿದ ಜಾಗದಲ್ಲೇ ಇರಲಿ. ಉರುಳಲಿ, ಎಲೆ ಸಿಕ್ಕಿ ಆಲಿಕೆ ಕಟ್ಟಿಕೊಳ್ಳಲಿ. ಎರಡನೇ ವಾರ ಅವರೇ ಗೂಟ ನೆಟ್ಟು ಕಟ್ಟುತ್ತಾರೆ, ಬಲೆ ಹೊದಿಸುತ್ತಾರೆ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಓದುತ್ತದೆ, ಶಾಲೆಯ ಪ್ರಾರ್ಥನೆಗೆ ಮೊದಲು ಓದುವ ರೂಢಿ ಮಾಡಿದರೂ ಸರಿ, ಹೊತ್ತು ಮಾತ್ರ ದಿನವೂ ಒಂದೇ ಇರಲಿ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ಈ ಗೆರೆಗಳಲ್ಲಿ ಬಾಟಲಿಯ ಪಟ್ಟಿಯಲ್ಲಿ ಹಿಡಿಸುವಷ್ಟನ್ನು ಬಣ್ಣದಲ್ಲಿ ಎಳೆಯಿರಿ. ರೆಡ್ ಅಲರ್ಟ್ ಎಂದು ರಜೆ ಘೋಷಣೆಯಾದಾಗ ಆ ಮಾತಿನ ಅಳತೆ ಮಕ್ಕಳ ಕಣ್ಣ ಮುಂದೆ ಇರುತ್ತದೆ. ರಜೆಯ ದಿನ ಬಾಟಲಿ ತುಂಬಿ ಹರಿದರೆ ಲೆಕ್ಕ ತಪ್ಪುತ್ತದೆ, ಇನ್ನೂ ಎತ್ತರದ ಮಾಪಕ ಹೇಗೆ ಮಾಡುವುದು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ಜಿಲ್ಲೆಯ ಮಕ್ಕಳು ಮಳೆಯನ್ನು ಅಳೆಯಲು ಕಲಿಯುವುದು ತೀರಾ ಮುಖ್ಯ ಎಂದು ನನ್ನ ಅನಿಸಿಕೆ.

ಐದನೇ ತರಗತಿ: ಕಾಫಿ ಕುಯ್ಯುವವರಿಗೆ ಚೀಲ

ವರ್ಷದ ದೊಡ್ಡ ಕೆಲಸ ಇದು. ಎರಡೆರಡು ಪೀರಿಯಡ್‌ಗಳ ಆರು ಪಾಠವಾದರೂ ಬೇಕು. ಅರೇಬಿಕಾ ಕುಯ್ಲು ಶುರುವಾಗುವ ನವೆಂಬರ್‌ನಲ್ಲಿ ಕೈಗೆತ್ತಿಕೊಂಡರೆ ರೋಬಸ್ಟಾ ಕುಯ್ಲಿನ ಹೊತ್ತಿಗೆ ಚೀಲ ನಿಜವಾಗಿಯೂ ಬಳಕೆಗೆ ಬರುತ್ತದೆ.

ಮೊದಲ ಪಾಠ ಪೂರ್ತಿ ಬಳಸುವವರ ಮಾತು ಕೇಳಲು. ಕುಯ್ಲಿನ ಅನುಭವವಿರುವ ಇಬ್ಬರು ಮೂವರನ್ನು ಶಾಲೆಗೆ ಕರೆಯಿರಿ. ಬಿಸಿಯೂಟದ ಅಕ್ಕ ಆಗಬಹುದು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಾಗಬಹುದು, ಸಣ್ಣ ತೋಟ ಇಟ್ಟುಕೊಂಡು ತಾವೇ ಕುಯ್ಯುವವರಾಗಬಹುದು. ‘ಯಾರ ಅಮ್ಮ ಕೂಲಿಗೆ ಹೋಗ್ತಾರೆ?’ ಎಂದು ತರಗತಿಯಲ್ಲಿ ಕೈ ಎತ್ತಿಸಬೇಡಿ, ಆ ಪ್ರಶ್ನೆ ಮಗುವಿನ ಮನಸ್ಸನ್ನು ನೋಯಿಸುತ್ತದೆ. ಬಂದವರನ್ನು ಪರಿಣತರಾಗಿ ಕೂರಿಸಿ, ಮಕ್ಕಳು ಟಿಪ್ಪಣಿ ಪುಸ್ತಕ ಹಿಡಿದು ಕೇಳಲಿ. ಮಕ್ಕಳನ್ನು ತೋಟಕ್ಕೆ ಕರೆದೊಯ್ಯುವುದಕ್ಕಿಂತ ಇದೇ ಮೇಲು, ಆನೆ ಓಡಾಟದ ಊರಿನಲ್ಲಂತೂ ಇದೇ ಸರಿ.

ಪ್ರಶ್ನೆಗಳನ್ನು ಮೊದಲೇ ಸಿದ್ಧಮಾಡಿಸಿ. ‘ಅಕ್ಕ, ಈಗ ಯಾವ ಚೀಲ ಕಟ್ಟಿಕೊಳ್ತೀರಿ? ತುಂಬಿದಾಗ ಎಲ್ಲಿ ನೋವಾಗ್ತದೆ? ಗೋಣಿಗೆ ಸುರಿಯುವಾಗ ಹಣ್ಣು ಚೆಲ್ತದಾ? ಬೆಳಿಗ್ಗೆ ಗಿಡ ಒದ್ದೆ ಇರುವಾಗ ಏನು ಮಾಡ್ತೀರಿ?’ ಉತ್ತರಗಳಿಂದ ಬೇಡಿಕೆಗಳ ಪಟ್ಟಿ ತಾನಾಗಿ ಮೂಡುತ್ತದೆ. ಒಂದು ಕೈ ರೆಂಬೆ ಬಗ್ಗಿಸಲು, ಇನ್ನೊಂದು ಕೈ ಹಣ್ಣು ಬಿಡಿಸಲು ಬೇಕಿರುವುದರಿಂದ ಚೀಲ ಸೊಂಟದಲ್ಲೇ ನಿಲ್ಲಬೇಕು. ಬಾಯಿ ತೆರೆದೇ ಇರಬೇಕು. ದಾರ ಸೊಂಟ ಕೊರೆಯಬಾರದು. ಬೇಗ ಖಾಲಿ ಮಾಡಲು ಬರಬೇಕು. ಅರೇಬಿಕಾದಲ್ಲಿ ಹಣ್ಣಾದದ್ದನ್ನೇ ಆರಿಸಿ ಕುಯ್ಯುವುದರಿಂದ, ಅಕಸ್ಮಾತ್ ಬಂದ ಹಸಿರು ಕಾಯಿಗೆ ಬೇರೆ ಜೇಬು ಇದ್ದರೆ ಒಳ್ಳೆಯದು ಎಂದು ಯಾವುದಾದರೂ ಗುಂಪು ಯೋಚಿಸಿದರೆ ಹುರಿದುಂಬಿಸಿ. ಪಟ್ಟಿಯಲ್ಲಿ ನಾಲ್ಕೈದು ಅಂಶ ಸಾಕು, ಅದನ್ನು ಗೋಡೆಗೆ ಅಂಟಿಸಿಡಿ. ಮುಂದೆ ಪ್ರತಿ ವಾದಕ್ಕೂ ತೀರ್ಪು ಅಲ್ಲಿಂದಲೇ ಬರಬೇಕು.

ಎರಡನೇ ಪಾಠದಲ್ಲಿ ಚಿತ್ರ. ಪ್ರತಿ ಮಗುವೂ ಕನಿಷ್ಠ ಎರಡು ಬೇರೆ ಬೇರೆ ಚೀಲ ಬರೆಯಲಿ. ಒಂದೇ ಬರೆದ ಮಗು ಅದಕ್ಕೇ ಜೋತುಬೀಳುತ್ತದೆ. ಪಕ್ಕದಲ್ಲಿ ಬಾಣ ಹಾಕಿ ಅಳತೆ, ಬಟ್ಟೆ ಯಾವುದು, ಕಟ್ಟುವುದು ಹೇಗೆ ಎಂದು ಬರೆಯಲಿ. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ಅಸ್ಸಾಮಿ, ಮನೆಯಲ್ಲಿ ಯಾವ ಭಾಷೆಯಿದ್ದರೂ ಚಿತ್ರಕ್ಕೆ ಅಡ್ಡಿಯಿಲ್ಲ. ಕನ್ನಡದಲ್ಲಿ ಇನ್ನೂ ಎರಡು ಸಾಲು ಬರೆಯಲಾಗದ ಮಗುವಿನ ಚಿತ್ರವೇ ತರಗತಿಯಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿರುವುದು ಅಪರೂಪವಲ್ಲ. ಅದನ್ನು ಎಲ್ಲರ ಮುಂದೆ ಎತ್ತಿ ತೋರಿಸಿ.

ಮೂರನೆಯದರಲ್ಲಿ ಹಳೆಯ ದಿನಪತ್ರಿಕೆಯಿಂದ ಪೂರ್ತಿ ಅಳತೆಯ ಚೀಲ. ಗುಂಪಿಗೆ ಮೂವರು, ಮೂವರ ಚಿತ್ರಗಳಿಂದ ಒಂದನ್ನು ಆರಿಸಿ ಅಥವಾ ಬೆರೆಸಿ ಮಾಡಬೇಕು. ದೊಡ್ಡವರೊಬ್ಬರ ಸೊಂಟಕ್ಕೆ ಕಟ್ಟಿ ನೋಡಿದರೆ ತಪ್ಪುಗಳು ಸಾಲಾಗಿ ಕಾಣುತ್ತವೆ: ಬಾಯಿ ಕಿರಿದು, ಚೀಲ ಉದ್ದವಾಗಿ ಮೊಣಕಾಲಿಗೆ ಬಡಿಯುತ್ತದೆ, ಪಟ್ಟಿ ಗಿಡ್ಡ. ಕಾಗದದಲ್ಲಿ ತಪ್ಪಿದರೆ ಬಟ್ಟೆ ಉಳಿಯುತ್ತದೆ.

ನಾಲ್ಕನೇ ಪಾಠ ಹೊಲಿಗೆಯ ಅಭ್ಯಾಸ, ಚಿಂದಿ ಬಟ್ಟೆಯ ಮೇಲೆ. ಸಾಲಾಗಿ ಮೇಲೆ ಕೆಳಗೆ ಹೋಗುವ ಹೊಲಿಗೆ ಮೊದಲು, ಆಮೇಲೆ ಪ್ರತಿ ಸಲವೂ ಅರ್ಧ ಹಿಂದಕ್ಕೆ ಬಂದು ಮುಂದೆ ಹೋಗುವ ಹಿಂಹೊಲಿಗೆ. ಎರಡರಿಂದಲೂ ಒಂದೊಂದು ತುಂಡು ಹೊಲಿದು ಎರಡು ಕಡೆಯಿಂದ ಎಳೆಯಲು ಹೇಳಿ. ಯಾವುದು ಬಾಯಿ ಬಿಡುತ್ತದೆ ಎಂದು ಕಂಡ ಮೇಲೆ ಚೀಲದ ತಳಕ್ಕೆ ಯಾವ ಹೊಲಿಗೆ ಎಂದು ನೀವು ಹೇಳಬೇಕಾಗಿಲ್ಲ. ಊರಿನ ಟೈಲರ್ ಒಬ್ಬರು ಒಂದು ಗಂಟೆ ಬಂದು ಕೂತರೆ ತುಂಬ ಉಪಕಾರ. ಗೋಣಿ ಹೊಲಿಯುವ ದಬ್ಬಳ ಅಕ್ಕಿ ಚೀಲಕ್ಕೆ ಬೇಕಾಗಬಹುದು, ಅದು ನಿಮ್ಮ ಕೈಯಲ್ಲಿರಲಿ.

ಐದನೆಯದರಲ್ಲಿ ಕತ್ತರಿಸಿ ಹೊಲಿಯುವುದು. ಹೊಲಿಗೆಗೆ ಸುತ್ತಲೂ ಒಂದೂವರೆ ಸೆಂಟಿಮೀಟರ್ ಬಿಡಬೇಕು. ಈ ಅಂಚು ಬಿಡದೆ ಕತ್ತರಿಸುವುದು ಎಲ್ಲೆಡೆ ಆಗುವ ತಪ್ಪು, ಹಾಗಾಗಿ ಕತ್ತರಿ ಹಿಡಿಯುವ ಮೊದಲು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಸಿ: ಒಂದು ಕತ್ತರಿಗೆ, ಒಂದು ಸೂಜಿಗೆ. ಪಟ್ಟಿ ಚೀಲಕ್ಕೆ ಸೇರುವ ಜಾಗವೇ ಮೊದಲು ಕಿತ್ತುಹೋಗುವುದು. ಅಲ್ಲಿ ಚೌಕಾಕಾರದಲ್ಲಿ ಹೊಲಿದು ಒಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಲಿದರೆ ಭಾರ ಒಂದೇ ದಾರದ ಮೇಲೆ ಬೀಳುವುದಿಲ್ಲ. ಇದನ್ನು ಮೊದಲೇ ಹೇಳಬೇಡಿ. ಮಕ್ಕಳ ಸ್ವಂತ ಶಾಲಾ ಬ್ಯಾಗಿನ ಪಟ್ಟಿಯನ್ನು ತಿರುಗಿಸಿ ನೋಡಲು ಹೇಳಿ.

ಆರನೆಯದು ಪರೀಕ್ಷೆ. ಒಂದು ಕಿಲೋ, ಎರಡು ಕಿಲೋ, ಮೂರು ಕಿಲೋ ಹೀಗೆ ಸಣ್ಣ ಕಲ್ಲು ತುಂಬಿ, ಕಟ್ಟಿಕೊಂಡು ನಡೆದು, ಬಗ್ಗಿ ಎದ್ದು ನೋಡುವುದು. ಭಾರದ ಪರೀಕ್ಷೆ ದೊಡ್ಡವರ ಸೊಂಟದಲ್ಲಿ, ಮಕ್ಕಳದ್ದಲ್ಲ. ಸುರಿಯಲು ಎಷ್ಟು ಸೆಕೆಂಡ್, ಎಷ್ಟು ಕಲ್ಲು ಚೆಲ್ಲಿತು, ಯಾವ ಹೊಲಿಗೆ ಮೊದಲು ಬಿಟ್ಟಿತು ಎಂದು ಪಟ್ಟಿಯಲ್ಲಿ ಬರೆಯಲಿ. ಆಮೇಲೆ ಮೊದಲ ದಿನ ಬಂದ ಅಕ್ಕನವರಿಗೇ ಕೊಟ್ಟು ಒಂದು ವಾರ ಬಳಸಿ ನೋಡಲು ಕೇಳಿಕೊಳ್ಳಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಹೇಳುವಂತೆ ಅವರನ್ನು ಮೊದಲೇ ಒಪ್ಪಿಸಿ. ಮಕ್ಕಳ ಮುಖ ನೋಡಿ ಹೊಗಳಿಬಿಟ್ಟರೆ ಎರಡನೇ ಚೀಲ ಹುಟ್ಟುವುದಿಲ್ಲ.

ಇನ್ನೆರಡು ಚಿಕ್ಕ ಕೆಲಸಗಳು

ಕಾಳುಮೆಣಸಿನ ಜರಡಿ ಮೂರನೇ ತರಗತಿಗೂ ಹೊಂದುತ್ತದೆ. ರಟ್ಟಿನ ಡಬ್ಬಿಯ ತಳದಲ್ಲಿ ಪೆನ್ಸಿಲ್, ಮೊಳೆ, ಪೆನ್ನು ಇವುಗಳಿಂದ ಬೇರೆ ಬೇರೆ ಗಾತ್ರದ ತೂತು ಮಾಡಿ ಕಾಳನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುವುದು. ಕಾಫಿ ಬೀಜವನ್ನೂ ಅದನ್ನು ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಜರಡಿಯ ತೂತಿನ ಅಳತೆಯಿಂದಲೇ ದರ್ಜೆ ಮಾಡುತ್ತಾರೆ.

ಗಾಡಿ ಮಾಡುವಾಗ ಒಂದೇ ಒಂದು ಎಚ್ಚರ: ಚಕ್ರ ಅಚ್ಚಿಗೆ ಬಿಗಿಯಾಗಿರಬೇಕು, ಅಚ್ಚು ಪೆನ್ನಿನ ಕೊಳವೆಯೊಳಗೆ ಸಡಿಲವಾಗಿ ತಿರುಗಬೇಕು, ಕೊಳವೆ ಗಾಡಿಯ ತಳಕ್ಕೆ ಅಂಟಿರಬೇಕು. ಮಕ್ಕಳು ಅಚ್ಚನ್ನೇ ರಟ್ಟಿಗೆ ಅಂಟಿಸಿ, ಗಾಡಿ ಓಡುವುದಿಲ್ಲ ಎಂದು ಬರುತ್ತಾರೆ. ಆಗ ‘ಯಾವುದು ತಿರುಗಬೇಕು?’ ಎಂಬ ಪ್ರಶ್ನೆ ಸಾಕು.

ಶಿಕ್ಷಕರು ಯಾವಾಗ ಕೈ ಹಾಕಬೇಕು

ಗಾಯವಾಗುವ ಸಂದರ್ಭದಲ್ಲಿ ಕೂಡಲೇ. ಉಳಿದಂತೆ ಸ್ವಲ್ಪ ತಡವಾಗಿ. ವಾಲುತ್ತಿರುವ ಸೇತುವೆ ಕಂಡಾಗ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ, ಅದನ್ನು ತಡೆದುಕೊಳ್ಳುವುದೇ ಈ ವಿಷಯ ಕಲಿಸುವವರ ದೊಡ್ಡ ಅಭ್ಯಾಸ. ಕೇಳಲು ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಳ್ಳಿ. ಇದು ಯಾರಿಗೆ? ಎಲ್ಲಿ ಕಿತ್ತುಹೋಯಿತು, ಅಲ್ಲೇ ಯಾಕೆ? ಒಂದನ್ನು ಮಾತ್ರ ಬದಲಾಯಿಸಬಹುದಾದರೆ ಯಾವುದನ್ನು ಬದಲಾಯಿಸುತ್ತೀಯ? ಬದಲಾದದ್ದರಿಂದಲೇ ಸರಿಹೋಯಿತು ಎಂದು ಹೇಗೆ ಗೊತ್ತು? ಮೂರನೆಯ ಪ್ರಶ್ನೆಗೆ ಹೆಚ್ಚು ಬೆಲೆ. ಒಂದೇ ಸಲಕ್ಕೆ ಬಟ್ಟೆ, ಹೊಲಿಗೆ, ಪಟ್ಟಿ ಮೂರನ್ನೂ ಬದಲಿಸಿದ ಗುಂಪಿಗೆ ಯಾವುದರಿಂದ ಗೆದ್ದೆವು ಎಂಬುದು ತಿಳಿಯುವುದೇ ಇಲ್ಲ.

ಮಾದರಿಯೊಂದನ್ನು ಮಾಡಿ ಮೇಜಿನ ಮೇಲೆ ಇಡಬೇಡಿ. ಇಟ್ಟರೆ ಎಲ್ಲರೂ ಅದನ್ನೇ ಮಾಡುತ್ತಾರೆ. ತೋರಿಸಲೇಬೇಕೆಂದರೆ ಮೂರು ಬೇರೆ ಬೇರೆ ಮಾದರಿ ತೋರಿಸಿ, ಪಾಠ ಶುರುವಾಗುವಾಗ ತೆಗೆದಿಡಿ.

ಅಂಕ ಯಾವುದಕ್ಕೆ

ಚಂದಕ್ಕೆ ಅಂಕ ಕೊಡಬೇಡಿ. ಪ್ರತಿ ಮಗುವಿಗೂ ಒಂದು ವಿನ್ಯಾಸ ಪುಸ್ತಕ ಇರಲಿ, ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ರಬ್ಬರ್ ಬಳಕೆ ಬೇಡ. ಮೊದಲ ಚಿತ್ರ ಅಳಿಸಿಹೋದರೆ ಮಗು ಎಲ್ಲಿಂದ ಎಲ್ಲಿಗೆ ಬಂತು ಎಂದು ನಿಮಗೂ ಗೊತ್ತಾಗದು, ಮಗುವಿಗೂ ಗೊತ್ತಾಗದು. ಪುಸ್ತಕ ತೆರೆದಾಗ ನಾನು ನೋಡುವುದು ಇಷ್ಟನ್ನು: ಬಳಸುವವರ ಮಾತು ದಾಖಲಾಗಿದೆಯೇ, ಎರಡು ಯೋಚನೆ ಇವೆಯೇ, ಪರೀಕ್ಷೆಯ ಅಂಕಿ ಇದೆಯೇ, ಅದಾದ ಮೇಲೆ ಏನಾದರೂ ಬದಲಾಗಿದೆಯೇ, ಆ ಬದಲಾವಣೆಗೆ ಕಾರಣ ಬರೆದಿದೆಯೇ. ಮುರಿದುಬಿದ್ದ ಸೇತುವೆಯ ಪಕ್ಕದಲ್ಲಿ ಮುರಿದದ್ದೇಕೆ ಎಂದು ಸರಿಯಾಗಿ ಬರೆದ ಮಗು, ಅಲ್ಲಾಡದ ಸೇತುವೆ ಕಟ್ಟಿ ಏನೂ ಬರೆಯದ ಮಗುವಿಗಿಂತ ಹೆಚ್ಚು ಕಲಿತಿದೆ. ಬರೆಯಲಾಗದ ಮಗು ಬಾಯಿಮಾತಿನಲ್ಲಿ ಹೇಳಲಿ, ನೀವು ಅದರ ಪುಸ್ತಕದಲ್ಲಿ ಅದರದ್ದೇ ಮಾತಿನಲ್ಲಿ ಬರೆದುಕೊಡಿ.

ವರ್ಷದ ಕೊನೆಗೆ ಮಾಡಿದ ವಸ್ತುಗಳನ್ನೆಲ್ಲ ಗಾಜಿನ ಬೀರುವಿಗೆ ಸೇರಿಸುವ ಅಗತ್ಯವಿಲ್ಲ. ಬಳಕೆಗೆ ಬಂದ ಚೀಲ ಬಳಸುವವರ ಬಳಿಯೇ ಇರಲಿ, ಮಳೆಮಾಪಕ ಗೂಟದ ಮೇಲೇ ಇರಲಿ. ಸೋತವುಗಳಲ್ಲಿ ಐದಾರನ್ನು ಆರಿಸಿ, ಯಾವ ಭಾಗ ಸೋತಿತು ಎಂದು ಚೀಟಿ ಕಟ್ಟಿ, ಒಣ ಜಾಗದ ತಗಡಿನ ಪೆಟ್ಟಿಗೆಯಲ್ಲಿ ತೆಗೆದಿಡಿ. ಮುಂದಿನ ಜೂನ್‌ನಲ್ಲಿ ಬರುವ ಮಕ್ಕಳಿಗೆ ಬಿಚ್ಚಿ ನೋಡಲು ಮೊದಲ ಸಾಮಾನು ಅವೇ.